ಇಷ್ಟು ಕೆಟ್ಟ ಫಿಟ್ಟಿಂಗ್

"ಇಷ್ಟು ಕೆಟ್ಟ ಫಿಟ್ಟಿಂಗ್ ನಾನು ಜನ್ಮದಲ್ಲಿ ನೋಡಿಲ್ಲ."

ಅವನು ನನ್ನ ಅಂಗಡಿಯಲ್ಲಿ ಆಡಿದ ಮೊದಲನೇ ಮಾತು ಇದು. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಗೊಂಬೆಗೆ ತೊಡಿಸಿದ್ದ ಬೂದು ಕೋಟಿನ ಎಡಭುಜ ಸರಿಮಾಡುತ್ತಿದ್ದೆ. ಬೆಳಗಿನಿಂದ ಆ ಭುಜಕ್ಕೂ ನನಗೂ ಜಗಳ. ಆಗಷ್ಟೇ ಅದು ದಾರಿಗೆ ಬಂದಿತ್ತು. ಬೆನ್ನ ಹಿಂದೆ ಯಾರೋ ಒಳಗೆ ಬಂದು ಏಣಿ ಎಳೆದ ಸದ್ದು ಕೇಳಿಸಿತ್ತು, ತಿರುಗಿ ನೋಡಿರಲಿಲ್ಲ.

ಪಿನ್ನುಗಳನ್ನು ಅಂಗೈಗೆ ಉಗಿದೆ. "ಯಾರ್ರೀ ನೀವು, ನನ್ನ ಫಿಟ್ಟಿಂಗ್ ಬಗ್ಗೆ ಮಾತಾಡೋಕೆ? ಸೂಜಿಗೆ ದಾರ ಪೋಣಿಸೋಕೆ ಬರುತ್ತಾ ನಿಮಗೆ?"

ತಿರುಗಿದರೆ ಏಣಿಯ ಮೇಲೆ ಎರಡು ಕಾಲು ಮಾತ್ರ ಕಂಡವು. ಉಳಿದ ಮನುಷ್ಯ ಚಾವಣಿಯ ಹಲಗೆಯ ಸಂದಿಯಲ್ಲಿದ್ದ. ಆ ಕತ್ತಲೆಯೊಳಗಿಂದ ಬಹಳ ವಿನಯವಾಗಿ ದನಿ ಬಂತು. "ಮೇಡಂ, ನಾನು ಪೈಪಿನ ವಿಷಯ ಹೇಳಿದ್ದು. ಯಾರೋ ಪುಣ್ಯಾತ್ಮರು ಜಾಯಿಂಟಿಗೆ ಬಟ್ಟೆ ಸುತ್ತಿ ಗಂಟು ಹಾಕಿ ಕೈತೊಳ್ಕೊಂಡುಬಿಟ್ಟಿದಾರೆ."

ಆ ಪುಣ್ಯಾತ್ಮಳು ನಾನೇ. ನೀರು ಸೋರಿ ಕತ್ತರಿಸುವ ಮೇಜಿನ ಮೇಲೆ ಬೀಳುತ್ತಿದ್ದರೆ ಏನು ಮಾಡಬೇಕಿತ್ತು? ಕೈಗೆ ಸಿಕ್ಕ ಲೈನಿಂಗ್ ಬಟ್ಟೆ ಸುತ್ತಿದ್ದೆ.

"ಗಂಟು ಮಾತ್ರ ಚೆನ್ನಾಗಿ ಹಾಕಿದಾರೆ," ಅಂದ ಅವನು, ಇಳಿದು ಬರುತ್ತಾ. ರೆಪ್ಪೆಯ ತುಂಬ ಸುಣ್ಣದ ಧೂಳು. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನೇ ನೋಡುತ್ತಿದ್ದ. ನಗು ತಡೆಯಲು ತುಟಿ ಒಳಗೆ ಮಡಚಿಕೊಂಡಿದ್ದ. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೂ, ಇವನ ಕಣ್ಣಿಗೆ ಯಾರಾದರೂ ನೀರು ಕೊಡಬಾರದೇ ಅನ್ನಿಸಿತು. ಕೊನೆಗೆ ನಾನೇ ಕೊಟ್ಟೆ.

ಅವನು ಪೈಪ್ ಫಿಟ್ಟರ್. ಕಟ್ಟಡದವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದದ್ದು, ನಾನೂ ಹಾಗೇ ಕರೆದೆ.

'ಫಿಟ್' ಅನ್ನುವ ಆ ಇಂಗ್ಲಿಷ್ ಶಬ್ದದ ಮೇಲೆ ನನಗೆ ಮೊದಲಿಂದಲೂ ಕೋಪ. ಯಾರ ಮನೆಗೆ ಹೋದರೆ ಅವರ ಬಟ್ಟೆ ತೊಡುವ ಶಬ್ದ ಅದು. ನನಗೆ ಫಿಟ್ಟಿಂಗ್ ಅಂದರೆ ಭುಜ, ಕಂಕುಳು, ಸೊಂಟ. ಅವನಿಗೆ ಎಲ್ಬೋ, ಕಪ್ಲಿಂಗ್, ವಾಲ್ವು. ಬೀದಿಯವರ ಬಾಯಲ್ಲಿ ಫಿಟ್ಟಿಂಗ್ ಇಡುವುದು ಅಂದರೆ ಒಬ್ಬರ ಕಿವಿ ಊದಿ ಇನ್ನೊಬ್ಬರ ಕೆಲಸ ಕೆಡಿಸುವುದು. ಇನ್ನು ನನ್ನ ಅಂಗಡಿಯಲ್ಲಿ, ಗಿರಾಕಿ ಅರ್ಧ ಹೊಲಿದ ಬಟ್ಟೆ ತೊಟ್ಟು ನೋಡುವುದಕ್ಕೆ 'ಫಿಟ್' ಅನ್ನುತ್ತೇವೆ. "ಈಗೊಂದು ಫಿಟ್ ಬರುತ್ತೆ, ಕೂತಿರಿ," ಅಂದರೆ ಫಿಟ್ಟರ್ ಮೂಲೆಯ ಸ್ಟೂಲಿನ ಮೇಲೆ ಜಾಣನ ಹಾಗೆ ಕೂತುಬಿಡುತ್ತಿದ್ದ.

ಯಾಕೆ ಕೂರುತ್ತಿದ್ದ ಅಂದರೆ, ಪೈಪ್ ಸರಿಹೋದ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಪೈಪಿಗೆ ಜ್ವರ ಬಂದಿದೆಯೇನೋ ಅನ್ನುವ ಹಾಗೆ ಏಣಿ ಹತ್ತಿ ಮುಟ್ಟಿ ನೋಡುತ್ತಿದ್ದ.

"ಹೇಗಿದೆ ರೋಗಿ?" ಅಂತ ಕೇಳುತ್ತಿದ್ದೆ.

"ಪರವಾಗಿಲ್ಲ. ನಾಳೆ ಇನ್ನೊಂದ್ಸಲ ನೋಡ್ಬೇಕಾಗುತ್ತೆ."

ಪೈಪಿನ ನೆಪ ಸವೆದ ಮೇಲೆ ಶರ್ಟಿನ ನೆಪ ಹಿಡಿದ. ಅಳತೆಗೆ ನಿಲ್ಲಿಸಿದೆ. ಪೈಪು ಹೊತ್ತು ಹೊತ್ತು ಬಲಭುಜ ಒಂಚೂರು ಇಳಿದಿತ್ತು. ಎದೆಗೆ ಟೇಪು ಸುತ್ತಿದಾಗ ಸೆಟೆದು ನಿಂತ.

"ಉಸಿರು ಬಿಡಿ."

"ಬಿಟ್ಟಿದೀನಿ."

"ಬಿಟ್ಟಿಲ್ಲ. ಟೇಪು ಸುಳ್ಳು ಹೇಳಲ್ಲ."

"ನೀವು ಇಷ್ಟು ಹತ್ರ ನಿಂತ್ರೆ ಹೇಗ್ರೀ ಬಿಡೋದು?"

ಟೇಪು ಕೈಜಾರಿತು. ಬಗ್ಗಿ ಎತ್ತಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಎದ್ದಾಗ ಅವನು ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅದು ಯಾವತ್ತೋ ನಿಂತುಹೋದ ಗಡಿಯಾರ.

ಅವನು ಮದುವೆಯ ಮಾತು ಎತ್ತಿದ್ದಾದರೂ ಎಲ್ಲಿಂದ? ಹಿಂದಿನ ಕೋಣೆಯ ವಾಶ್‌ಬೇಸಿನ್ನಿನ ಕೆಳಗಿಂದ. ಅಂಗಾತ ಮಲಗಿ, ತಲೆಯನ್ನು ಅದರಡಿಯ ಪುಟ್ಟ ಬೀರುವಿನೊಳಗೆ ಹಾಕಿ ಯಾವುದೋ ನಟ್ಟು ತಿರುಗಿಸುತ್ತಿದ್ದ. ಕೆಳಗಿನ ಮಹಡಿಯಲ್ಲಿ ಮುದ್ರಣದ ಮೆಷಿನ್ನು ಗಡಗಡ ಅನ್ನುತ್ತಿತ್ತು. ಆ ಸದ್ದಿನ ನಡುವೆ, "ನನ್ನ ಮದುವೆ ಆಗ್ತೀರಾ?" ಅಂದ.

ಮುಖ ನೋಡಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಒಳ್ಳೆಯದೇ ಆಯಿತು, ಮುಖ ನೋಡಿ ಹೇಳುವ ಧೈರ್ಯ ನನಗೂ ಇರಲಿಲ್ಲ.

"ನನಗೆ ಫಿಟ್ಸ್ ಬರುತ್ತೆ," ಅಂದೆ.

ಶಾಲೆಯಲ್ಲಿದ್ದಾಗ ಶುರುವಾದದ್ದು. ಮೈ ಸೆಟೆದು, ಬಿದ್ದು, ಎಚ್ಚರ ತಪ್ಪುವುದು. ದಿನಾ ಮಾತ್ರೆ ನುಂಗುತ್ತೇನೆ, ಈಗೀಗ ಬರುವುದೇ ಅಪರೂಪ. ಆದರೆ ಬರುವುದೇ ಇಲ್ಲ ಅಂತ ಯಾರಿಗೂ ಮಾತು ಕೊಡಲಾರೆ. ನನ್ನನ್ನು ಕೇಳಿಕೊಂಡು ಬಂದಿದ್ದ ಎರಡು ಸಂಬಂಧ ಈ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗಿದ್ದವು. ಹೋಗುವಾಗ ಒಬ್ಬರು ನನ್ನ ತಲೆ ಸವರಿ "ಪಾಪ" ಅಂದಿದ್ದರು. ಆ ಕೈಯನ್ನು ಕಚ್ಚಬೇಕು ಅನ್ನಿಸಿತ್ತು ನನಗೆ.

ಬೇಸಿನ್ನಿನ ಕೆಳಗೆ ನಟ್ಟು ತಿರುಗುತ್ತಲೇ ಇತ್ತು.

"ಮದುವೆ ಆದ್ಮೇಲೂ ಬರುತ್ತೆ," ಅಂತ ಗಟ್ಟಿಯಾಗಿ ಹೇಳಿದೆ. "ಯಾವಾಗ ಅಂತ ಹೇಳೋಕಾಗಲ್ಲ. ಗೊತ್ತಿರಲಿ."

"ಬರಲಿ ಬಿಡಿ," ಅಂತು ಬೀರು. "ಬಂದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ. ಮುಗಿದ ಮೇಲೆ ಇಬ್ರೂ ಒಟ್ಟಿಗೆ ಮನೆಗೆ ಹೋಗೋಣ. ಅದಕ್ಕೇನಂತೆ?"

ಅದಕ್ಕೇನಂತೆ! ನಾನು ಕತ್ತರಿಸುವ ಮೇಜಿಗೆ ಹೋಗಿ, ಯಾರದೋ ಪ್ಯಾಂಟಿನ ಬಟ್ಟೆಗೆ ಮುಖ ಒತ್ತಿ ಅತ್ತೆ. ಅಲ್ಲಿಯವರೆಗೆ ಅವನು ಇಷ್ಟವಾಗಿದ್ದ, ಅಷ್ಟೆ. ಆ ಉತ್ತರ ಕೇಳಿದ ಮೇಲೆ ಅವನಿಲ್ಲದೆ ಆಗುವುದಿಲ್ಲ ಅನ್ನಿಸಿಬಿಟ್ಟಿತು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಕಾಯಿಲೆಗೆ 'ತಲೆಸುತ್ತು' ಅಂತ ಹೆಸರಿಟ್ಟು ಸಾಕಿಕೊಂಡು ಬಂದವಳು.

"ಹೇಳಿಬಿಟ್ಯಾ?" ಅಂತ ಎದೆ ಹಿಡಿದುಕೊಂಡಳು. "ಬಾಯಿಗೆ ಬೀಗ ಇಲ್ವಲ್ಲೇ ನಿನಗೆ! ಏನಂದ?"

"ಅದಕ್ಕೇನಂತೆ ಅಂದ."

"ಅಷ್ಟೇನಾ?"

"ಅಷ್ಟೇ."

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಸಂತೋಷಕ್ಕಿಂತ ಅನುಮಾನವೇ ಹೆಚ್ಚಿತ್ತು ಆ ಮುಖದಲ್ಲಿ. ನನಗೆ ಆಗಲೂ ಸಿಟ್ಟು ಬಂತು. ನನ್ನನ್ನು ಒಬ್ಬ ಇದ್ದ ಹಾಗೇ ಒಪ್ಪಿದರೆ ಇವಳಿಗೆ ನಂಬುವುದಕ್ಕೂ ಆಗುವುದಿಲ್ಲವೇ?

ಫಿಟ್ಟರನಿಗೆ ಇದ್ದವಳು ಒಬ್ಬಳೇ ಅಕ್ಕ, ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳು. ಜಿಮ್ಮಿನಲ್ಲಿ ಟ್ರೇನರ್. ಎಲ್ಲರ ಬಾಯಲ್ಲೂ 'ಫಿಟ್ನೆಸ್ ಅಕ್ಕ'. ಮೊದಲ ಸಲ ಅಂಗಡಿಗೆ ಬಂದಾಗ ನನ್ನ ತೋಳು ಒತ್ತಿ ನೋಡಿ, "ಮೆಷಿನ್ ತುಳಿದು ಕಾಲು ಗಟ್ಟಿಯಾಗಿದೆ, ತೋಳಿಗೂ ಏನಾದ್ರೂ ಮಾಡಮ್ಮ," ಅಂದು ನಕ್ಕಿದ್ದಳು. ಮದುವೆಗೆ ತನಗೊಂದು ಗೌನು ಹೊಲಿಯಲು ಹೇಳಿ, ದಿನ ಯಾವುದಿರಲಿ ಅಂತ ಮಾತಾಡಿ ಹೋಗಿದ್ದಳು. ಅವಳು ನನಗೆ ಇಷ್ಟವಾಗಿದ್ದಳು, ಹೊಟ್ಟೆ ಉರಿಯುವುದು ಅದಕ್ಕೇ.

ಆಮೇಲೆ ಯಾರೋ ಫಿಟ್ಟಿಂಗ್ ಇಟ್ಟರು. ನನ್ನದೇ ಗಿರಾಕಿ ಒಬ್ಬಳು, ಜಿಮ್ಮಿನಲ್ಲಿ ಏದುಸಿರು ಬಿಡುತ್ತಾ, "ಆ ಟೈಲರಾ? ಪಾಪ, ಅವಳಿಗೆ ಫಿಟ್ಸ್ ಅಲ್ವಾ?" ಅಂದಳಂತೆ. ಅಕ್ಕ ಅಲ್ಲಿಂದಲೇ ನಮ್ಮಮ್ಮನಿಗೆ ಫೋನು ಹಚ್ಚಿದ್ದಾಳೆ. "ನಿಮ್ಮ ಮಗಳಿಗೆ ಫಿಟ್ಸಾ?" ಅಂತ ಕೇಳಿದ್ದಕ್ಕೆ ನನ್ನ ಹೆತ್ತಮ್ಮ ಏನು ಹೇಳಿದಳು ಗೊತ್ತೇ? "ಅಯ್ಯೋ ಇಲ್ಲಮ್ಮ, ನಮ್ಮ ಹುಡುಗಿ ಫಿಟ್ ಆಗಿದಾಳೆ."

ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಒಬ್ಬರು ವಕೀಲರು ಕೋಟಿನ ಫಿಟ್‌ಗೆ ಬಂದಿದ್ದರು. ಒಂದೇ ತೋಳಿನ ಕೋಟು ತೊಡಿಸಿ, ಮೈಸುತ್ತ ಪಿನ್ನು ಚುಚ್ಚಿ ನಿಲ್ಲಿಸಿದ್ದೆ. ಬಾಗಿಲು ದೂಡಿಕೊಂಡು ಅಕ್ಕ ಬಂದಳು, ಹಿಂದೆ ಅವನು.

"ನಿಮ್ಮಮ್ಮನ್ನ ಕೇಳಿದೆ, ಫಿಟ್ ಅಂದ್ರು. ನಿಮ್ಮ ಬೀದೀಲಿ ವಿಚಾರಿಸಿದೆ, ಫಿಟ್ಸ್ ಅಂದ್ರು. ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟು ನನ್ನ ತಮ್ಮನ ಕುತ್ತಿಗೆಗೆ ಬೀಳೋಕೆ ನೋಡಿದ್ರಾ?"

"ಮುಚ್ಚಿಡೋದಾ? ನಾನಾ?"

"ಮತ್ತೆ? ಒಂದು ಕೆಲಸ ಮಾಡಿ. ಡಾಕ್ಟರ ಹತ್ರ ಫಿಟ್ನೆಸ್ ಸರ್ಟಿಫಿಕೇಟ್ ತಗೊಂಡು ಬನ್ನಿ. ಆಮೇಲೆ ಮಾತಾಡೋಣ."

"ಫಿಟ್ನೆಸ್ ಸರ್ಟಿಫಿಕೇಟು ಲಾರಿಗೆ ಮಾಡಿಸ್ತಾರೆ ಕಣ್ರೀ, ಹೆಂಗಸಿಗಲ್ಲ! ನಾನು ಹೇಳಿದೀನಿ. ನಿಮ್ಮ ತಮ್ಮ ಮದುವೆ ಮಾತು ಎತ್ತಿದ ಕ್ಷಣದಲ್ಲೇ ಹೇಳಿದೀನಿ. ಕೇಳಿ ಅವರನ್ನೇ!"

ಇಬ್ಬರೂ ಅವನ ಕಡೆ ತಿರುಗಿದೆವು. ವಕೀಲರೂ ಕತ್ತು ಹೊರಳಿಸಿದರು. ಅವನ ಮುಖದಲ್ಲಿ ಏನೂ ಇರಲಿಲ್ಲ.

"ಯಾವಾಗ ಹೇಳಿದ್ರಿ?" ಅಂದ ಮೆಲ್ಲಗೆ.

ನನ್ನ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಹಿಡಿದುಕೊಂಡಿರುವುದು ಕ್ಷೇಮವಲ್ಲ ಅನ್ನಿಸಿತು. "ಬೇಸಿನ್ ಕೆಳಗೆ ಮಲಗಿದ್ರಲ್ಲ, ಆವಾಗ. ಫಿಟ್ಸ್ ಬರುತ್ತೆ, ಮದುವೆ ಆದ್ಮೇಲೂ ಬರುತ್ತೆ ಅಂದೆ. ಬರಲಿ ಬಿಡಿ, ಪಕ್ಕದಲ್ಲಿ ಕೂತಿರ್ತೀನಿ ಅಂದ್ರಿ."

ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. "ಅಯ್ಯೋ… ಅದು ಗಿರಾಕಿಗಳ ಫಿಟ್ಸ್ ಅಂದ್ಕೊಂಡೆನಲ್ಲ! ಮದುವೆ ಆದ್ಮೇಲೂ ಅಂಗಡಿ ಬಿಡಲ್ಲ, ಹೊತ್ತುಗೊತ್ತಿಲ್ಲದೆ ಫಿಟ್‌ಗೆ ಬರ್ತಿರ್ತಾರೆ, ಕಾಯ್ಬೇಕಾಗುತ್ತೆ ಅಂತ ಹೇಳ್ತಿದೀರಿ ಅಂದ್ಕೊಂಡೆ."

"ನೋಡಿ, ಇಲ್ಲಿ ಇಬ್ಬರ ಹೇಳಿಕೆಯೂ ನಿಜವೇ," ಅಂತ ಶುರುಮಾಡಿದರು ವಕೀಲರು.

"ನೀವು ಅಲ್ಲಾಡ್ಬೇಡಿ, ಪಿನ್ನು ಚುಚ್ಚುತ್ತೆ!" ಅಂತ ಕಿರುಚಿದೆ. ಅವರು ಉಸಿರು ಹಿಡಿದು ನಿಂತರು.

"ನಡಿ," ಅಂದಳು ಅಕ್ಕ, ತಮ್ಮನ ತೋಳು ಹಿಡಿದು. ಅವನು ನನ್ನನ್ನು ನೋಡಿದ. ಮೆಟ್ಟಿಲಿಳಿದು ಹೋಗಿಯೇಬಿಟ್ಟ.

ಆ ಕೋಟಿಗೆ ಎರಡನೇ ತೋಳನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದೆ. ಮತ್ತೆ ಹೊಲಿದು ಮತ್ತೆ ಬಿಚ್ಚಿದೆ.

ನನ್ನ ಸಂಕಟ ಏನು ಅಂತ ಯಾರಿಗೆ ಹೇಳಲಿ? ಬಿಟ್ಟುಹೋದವನ ಮೇಲಾದರೆ ಸಿಟ್ಟಾಗಬಹುದು. ನಾನು ಪ್ರೀತಿಸಿದವನು ಬಿಟ್ಟುಹೋಗಿರಲಿಲ್ಲ, ಅವನು ಇರಲೇ ಇಲ್ಲ. 'ಅದಕ್ಕೇನಂತೆ' ಅಂದ ಗಂಡಸು ಈ ಭೂಮಿಯ ಮೇಲೆ ಇರಲೇ ಇಲ್ಲ. ಯಾರದೋ ಪ್ಯಾಂಟಿನ ಅಳತೆಗೆ ಕಾಯುತ್ತೇನೆ ಅಂದವನ ಮಾತಿಗೆ ನಾನು ಜೀವವನ್ನೇ ಒಪ್ಪಿಸಿ ಕೂತಿದ್ದೆ. ಅಷ್ಟು ಸಾಲದು ಅಂತ ಸುಳ್ಳುಗಾತಿ ಅನ್ನಿಸಿಕೊಂಡೆ. ಮನೆಮಂದಿಯಲ್ಲಿ ನಿಜ ಹೇಳಿಯೇ ತೀರುತ್ತೇನೆ ಅಂತ ಹಟ ಹಿಡಿದವಳು ನಾನೊಬ್ಬಳೇ, ಮುಚ್ಚಿಟ್ಟಳು ಅನ್ನುವ ಹೆಸರು ಬಂದದ್ದೂ ನನಗೇ!

ಮನೆಗೆ ಹೋಗಿ ಅಮ್ಮನ ಮೇಲೆ ಹರಿಹಾಯ್ದೆ.

"ಫಿಟ್ ಅಂತ ಯಾಕೆ ಹೇಳಿದೆ?"

"ಅವಳು ಫಿಟ್ಸಾ ಅಂದ್ಳು. ನನಗೆ ಸರಿಯಾಗಿ ಕೇಳಿಸಲಿಲ್ಲ."

"ಕೇಳಿಸಿದೆ. ಕೇಳಿಸಿದ್ದಕ್ಕೇ ಬೇಕು ಅಂತ ಆ 'ಸ್' ಒಂದನ್ನ ನುಂಗಿ ನೀರು ಕುಡಿದಿದೀಯ."

ಅಮ್ಮ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವಿದಳು. ಆಮೇಲೆ ತಲೆ ಎತ್ತಿದಳು. "ಹೌದು, ನುಂಗಿದೆ. ಎರಡು ಸಲ ನಿಜ ಹೇಳಿ ನೋಡಿದ್ವಲ್ಲ, ಏನಾಯ್ತು? ನಿನ್ನ ತಲೆ ಸವರಿ ಹೋದ್ರು. ಮೂರನೇ ಸಲಾನೂ ಹಾಗೇ ಆಗಲಿ ಅಂತ ಬಿಡ್ಲಾ?"

"ಬಿಡ್ಬೇಕಿತ್ತು. ನನ್ನ ಕಾಯಿಲೆ, ನನ್ನ ಬಾಯಿ. ಹೇಳೋದು ಬಿಡೋದು ನನ್ನಿಷ್ಟ."

ಅಮ್ಮ ಅಳಲಿಲ್ಲ, ನಾನೂ ಅಳಲಿಲ್ಲ. ಇಬ್ಬರೂ ಉಣ್ಣದೆ ಮಲಗಿದೆವು.

ಅವನು ಆ ವಾರವೆಲ್ಲ ಬರಲಿಲ್ಲ. ಬಂದದ್ದು ಒಂದು ಬೆಳಿಗ್ಗೆ, ನಾನು ಶಟರ್ ಎತ್ತುತ್ತಿರುವಾಗ. ಕೈಯಲ್ಲಿ ಸಾಮಾನಿನ ಚೀಲ ಇರಲಿಲ್ಲ. ಗಡ್ಡ ಬೆಳೆದಿತ್ತು.

"ಪೈಪ್ ಸರಿಯಾಗಿದೆ," ಅಂದೆ.

"ಪೈಪ್‌ಗೆ ಬಂದಿಲ್ಲ."

"ಶರ್ಟ್ ಇನ್ನೂ ಹೊಲಿದಿಲ್ಲ. ಹೊಲಿಯೋದೂ ಇಲ್ಲ."

"ಅಕ್ಕನ ಹತ್ರ ಮಾತಾಡಿದೆ," ಅಂದ. ಹೊಸ್ತಿಲ ಹೊರಗೇ ನಿಂತಿದ್ದ. "ನೀವು ಏನೂ ಮುಚ್ಚಿಟ್ಟಿಲ್ಲ, ನೆಟ್ಟಗೆ ಹೇಳಿದ್ರಿ, ತಪ್ಪಾಗಿ ಕೇಳಿಸ್ಕೊಂಡೋನು ನಾನು ಅಂತ ಹೇಳಿದೆ. ಸುಳ್ಳಿ ಅಂದಿದ್ದಕ್ಕೆ ನಿಮ್ಮ ಹತ್ರ ಬಂದು ತಪ್ಪಾಯ್ತು ಅನ್ಬೇಕು ಅಂತಾನೂ ಹೇಳಿದೆ."

"ಅದಕ್ಕೇನಂದ್ರು?"

"ಅದು ಒಪ್ಕೊಂಡ್ಳು. ಆದ್ರೆ, ಈಗ ಸರಿಯಾಗಿ ಕೇಳಿಸ್ತಲ್ಲ, ಬೇಡ ಅಂತ ಹೇಳಿ ಬಾ ಅಂದ್ಳು."

"ಹೇಳಿ ಮತ್ತೆ. ಹೇಳಿ ಹೊರಡಿ. ನನಗೆ ಕೆಲಸ ಇದೆ."

"ಹೇಳೋಕೆ ಬಾಯಿ ಬರಲಿಲ್ಲ."

"ಒಂದು ವಾರ ಎಲ್ಲಿ ಹೋಗಿತ್ತು ಆ ಬಾಯಿ?"

"ಭಯ ಆಗಿತ್ತು," ಅಂದ.

ಅದುವರೆಗೆ ತಡೆದುಕೊಂಡಿದ್ದೆ. "ಭಯಾನಾ? ಬೀಳೋಳು ನಾನು, ನಾಲಿಗೆ ಕಚ್ಕೊಳ್ಳೋಳು ನಾನು, ದಿನಾ ಮಾತ್ರೆ ನುಂಗೋಳು ನಾನು! ಭಯ ನಿನಗಾ? ಯಾವ ಮುಖ ಇಟ್ಕೊಂಡು ಹೇಳ್ತೀಯೋ?"

ಬಹುವಚನ ಹೋಗಿ ಏಕವಚನ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಅವನಿಗೆ ಗೊತ್ತಾಯಿತು. ತಲೆ ಎತ್ತಿ ನೋಡಿದ.

"ನನಗೇ," ಅಂದ. "ನೀನು ಬಿದ್ದಾಗ ಏನು ಮಾಡ್ಬೇಕು ಅಂತ ತಿಳೀದೆ, ಕೈಕಟ್ಕೊಂಡು ನಿಂತುಬಿಟ್ರೆ ಅಂತ ಭಯ. ಅವತ್ತು ನೀನು ಹೇಳಿದ್ದಕ್ಕೆ ನಾನು ಉತ್ತರಾನೇ ಕೊಟ್ಟಿಲ್ಲ. ಬೇರೆ ಯಾವುದಕ್ಕೋ ಕೊಟ್ಟೆ. ಇನ್ನೊಂದ್ಸಲ ಹೇಳು. ಆ ಹಾಳು ಇಂಗ್ಲಿಷ್ ಬೇಡ. ನಾನು ಇಲ್ಲೇ ನಿಂತು ಕೇಳ್ತೀನಿ."

ಹೋಗು ಅನ್ನಬೇಕಿತ್ತು. ಬಾಯಿಗೆ ಅದೇ ಬಂದಿತ್ತು. ಆದರೆ ಇಷ್ಟು ವರ್ಷದಲ್ಲಿ ಇದನ್ನು ಎರಡನೇ ಸಲ ಹೇಳು ಅಂದವರು ಯಾರೂ ಇರಲಿಲ್ಲ. ಮೊದಲನೇ ಸಲಕ್ಕೇ ಎಲ್ಲರಿಗೂ ಸಾಕಾಗಿರುತ್ತಿತ್ತು.

ಅವನನ್ನು ಒಳಗೆ ಕರೆದೆ. ಮೇಜಿನ ಆಚೆ ನಿಂತು ಹೇಳಿದೆ.

"ಮೊದಲು ಮೂಗಿಗೆ ಏನೋ ಸುಟ್ಟ ವಾಸನೆ ಬರುತ್ತೆ. ಒಂದೊಂದ್ಸಲ ಅದೂ ಬರಲ್ಲ. ಆಮೇಲೆ ನನಗೇನೂ ಗೊತ್ತಾಗಲ್ಲ. ಮೈ ಸೆಟೆಯುತ್ತೆ, ಬೀಳ್ತೀನಿ, ಕೈಕಾಲು ಒದ್ದಾಡುತ್ತೆ, ಬಾಯಲ್ಲಿ ನೊರೆ ಬರುತ್ತೆ. ನೋಡೋಕೆ ಚೆನ್ನಾಗಿರಲ್ಲ."

"ಹೂಂ."

"ಹಿಡಿದು ಅದುಮ್ಬಾರ್ದು. ಬಾಯಿಗೆ ಚಮಚ ಗಿಮಚ ತುರುಕ್ಬಾರ್ದು. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸ್ಬೇಕು. ಐದು ನಿಮಿಷ ಆದ್ರೂ ನಿಲ್ಲದಿದ್ರೆ ಆಸ್ಪತ್ರೆ."

"ಹೂಂ. ಆಮೇಲೆ?"

"ಆಮೇಲೇನು? ನಿಂತುಹೋಗುತ್ತೆ. ಕಣ್ಣು ಬಿಡ್ತೀನಿ. ಅಷ್ಟೇ."

"ಅಷ್ಟೇ ಅಲ್ಲ. ಕಣ್ಣು ಬಿಟ್ಟ ಮೇಲೆ ನಿನಗೇನು ಬೇಕು?"

ಎಷ್ಟು ನಿಮಿಷ ಇತ್ತು ಅಂತ ಡಾಕ್ಟರು ಕೇಳಿದ್ದಾರೆ. ಯಾರಾದರೂ ನೋಡಿದರಾ ಅಂತ ಅಮ್ಮ ಕೇಳಿದ್ದಾಳೆ. ಮಕ್ಕಳಿಗೂ ಬರುತ್ತಾ ಅಂತ ಬಂದ ಸಂಬಂಧದವರು ಕೇಳಿದ್ದಾರೆ. ನನಗೆ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಕಣ್ಣು ಬಿಟ್ಟಾಗ," ಅಂತ ಶುರುಮಾಡಿದೆ, ಮೇಜಿನ ಮೇಲಿನ ಟೇಪು ಸುತ್ತಿಟ್ಟೆ. "ಕಣ್ಣು ಬಿಟ್ಟಾಗ ಸುತ್ತ ಜನ ನಿಂತಿರ್ತಾರೆ. ಬಗ್ಗಿ ಬಗ್ಗಿ ನೋಡ್ತಿರ್ತಾರೆ. ನಾನು ಎಲ್ಲಿದೀನಿ ಅಂತಾನೇ ನನಗೆ ಗೊತ್ತಿರಲ್ಲ, ಅವರಿಗೆಲ್ಲ ಗೊತ್ತಿರುತ್ತೆ. ಅವರನ್ನ ಓಡಿಸ್ಬೇಕು. ನನ್ನ ಬಟ್ಟೆ ಸರಿಮಾಡ್ಬೇಕು. ಒಂದೊಂದ್ಸಲ ಒದ್ದೆಯಾಗಿರುತ್ತೆ, ಮೇಲೆ ಏನಾದ್ರೂ ಹೊದಿಸ್ಬೇಕು. ಏನಾಯ್ತು ಏನಾಯ್ತು ಅಂತ ನನ್ನ ಪೀಡಿಸ್ಬಾರ್ದು. ಪಾಪ ಅನ್ನೋ ಹಾಗೇ ಇಲ್ಲ."

ಅವನು ಒಂದೊಂದನ್ನೂ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಹೆದರಿಕೆ ಹೋಗಿರಲಿಲ್ಲ, ಕಣ್ಣಲ್ಲಿ ಕಾಣುತ್ತಿತ್ತು. ಹೆದರಿಕೊಂಡೇ ಕಲಿಯುತ್ತಿದ್ದ.

"ಯಾರೇ ಇದ್ರೂ ಓಡಿಸ್ಬೇಕಾ?"

"ಯಾರೇ ಇದ್ರೂ."

"ಅಕ್ಕ ಇದ್ರೆ?"

"ಮೊದಲು ಅವರನ್ನೇ."

ಅವನು ನಗಲಿಲ್ಲ. ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಸಾಕಿ ಬೆಳೆಸಿದ ಅಕ್ಕನನ್ನು ಬಾಗಿಲಾಚೆ ನಿಲ್ಲಿಸುವುದು ಹೇಗಿರುತ್ತದೆ ಅಂತ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣಿಸಿತು.

"ಆಯ್ತು," ಅಂದ. "ಓಡಿಸ್ತೀನಿ."

ಕೆಳಗೇ ಕೂತು, ಮಂಡಿಗೆ ಮುಖ ಒತ್ತಿ, ಆ ವಾರದ ಸಿಟ್ಟನ್ನೆಲ್ಲ ಗಟ್ಟಿಯಾಗಿ ಅತ್ತೆ. ಅಮ್ಮನ ಮೇಲಿನದು, ಅಕ್ಕನ ಮೇಲಿನದು, ತಲೆ ಸವರಿ ಹೋದವರ ಮೇಲಿನದು ಎಲ್ಲ. ಬಾಗಿಲಲ್ಲಿ ಯಾವಳೋ ಗಿರಾಕಿ ಬಂದು ನಿಂತಳು. "ಅಯ್ಯೋ, ಏನಾಯ್ತು ಇವರಿಗೆ?" ಅಂತ ಕತ್ತು ಚಾಚಿದಳು.

"ಆಮೇಲೆ ಬನ್ನಿ," ಅಂದ ಅವನು, ಅಡ್ಡ ನಿಂತು. ಅವಳು ಅವನ ಭುಜದ ಮೇಲಿಂದ ಇಣುಕಲು ನೋಡಿದಳು. ಅವನು ಅಲುಗಾಡಲಿಲ್ಲ. ಅವಳು ಗೊಣಗುತ್ತಾ ಮೆಟ್ಟಿಲಿಳಿದು ಹೋಗುವವರೆಗೂ ನಿಂತಿದ್ದು, ಆಮೇಲೆ ಒಳಗಿನಿಂದ ಶಟರ್ ಕೆಳಗೆಳೆದ.